ಬೀಡಿಯ ಕಾಕಾ ಅವರ ಡಚ್ ಭಾಷೆ

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಸಾಂಬ್ರಾದಲ್ಲಿ, ವಿಮಾನ ನಿಲ್ದಾಣದ ಹೊರಬಾಗಿಲ ಮುಂದೆ ನಿಂತು ಗ್ರಾಹಕರೊಬ್ಬರ ದಾರಿ ಕಾಯುತ್ತಿದ್ದೆ. ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೋ ಹಾಕಿದ್ದರು. ಗುರುತಿನ ಚೀಟಿಯಿಂದ ತೆಗೆದ ಹಳೆಯ ಫೋಟೋ. ಕೆಳಗೆ ಸಾಲಾಗಿ ಎಲ್ಲರ ಶ್ರದ್ಧಾಂಜಲಿ. ನಾನೂ ಕೈ ಜೋಡಿಸಿದ ಚಿತ್ರವೊಂದನ್ನು ಒತ್ತಿ ಫೋನು ಜೇಬಿಗೆ ಹಾಕಿದೆ. ಅಷ್ಟರಲ್ಲಿ ಗ್ರಾಹಕರು ಬಂದರು. ನಕ್ಕು ಕೈ ಕುಲುಕಿದೆ. ದಾರಿಯುದ್ದಕ್ಕೂ ಬೆಳಗಾವಿಯ ಹವೆ, ಕುಂದಾ, ಹೊಸ ರಸ್ತೆ ಅಂತ ಮಾತಾಡಿದೆ. ಸಂಜೆ ಶಿವಬಸವ ನಗರದ ಮನೆಗೆ ಬಂದು ಬೂಟು ಬಿಚ್ಚುವಾಗ ಮನಸ್ಸಿಗೆ ಒಂದು ರೀತಿ ಹಗುರವೆನಿಸಿತು. ನಾನು ಅವರಿಗೆ ಮಾಡಿದ್ದನ್ನು ಬಲ್ಲವರು ಇನ್ನು ಯಾರೂ ಉಳಿದಿಲ್ಲ ಎಂಬ ಹಗುರ ಅದು. ಅದನ್ನು ಗುರುತಿಸಿದ ಕ್ಷಣಕ್ಕೆ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಕುಳಿತುಬಿಟ್ಟೆ.

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಅವರು ಡಿಸ್ಪ್ಯಾಚ್ ಗುಮಾಸ್ತರಾಗಿದ್ದರು, ಎಲ್ಲರಿಗೂ ಕಾಕಾ. ನಾವು ಪಂಪುಗಳ ಕಬ್ಬಿಣದ ಭಾಗಗಳನ್ನು ಎರಕ ಹೊಯ್ದು ಹೊರದೇಶಗಳಿಗೆ ಕಳಿಸುತ್ತೇವೆ. ಅವನ್ನು ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ತುಂಬಿಸಿ, ತೂಗಿಸಿ, ಚೀಟಿ ಅಂಟಿಸಿ ಲಾರಿ ಹತ್ತಿಸುವುದು ಅವರ ಕೆಲಸ. ಖಾನಾಪುರ ತಾಲ್ಲೂಕಿನ ಬೀಡಿ ಅವರ ಊರು. ಕುರಿ ಕಾಯುವ ಮನೆತನ. ತಂದೆಯ ಕಾಲಕ್ಕೇ ಕುರಿ ಹೋಗಿ ಹೊಲ ಬಂದಿತ್ತು, ಇವರ ಕಾಲಕ್ಕೆ ನೌಕರಿ. ದಿನವೂ ಎರಡು ಬಸ್ಸು ಹಿಡಿದು ಬರುತ್ತಿದ್ದರು, ಬೀಡಿಯಿಂದ ಖಾನಾಪುರ, ಖಾನಾಪುರದಿಂದ ಬೆಳಗಾವಿ. ಬಲಗಿವಿಯ ಮೇಲೆ ಸದಾ ಪೆಟ್ಟಿಗೆಗೆ ಗುರುತು ಹಾಕುವ ಒಂದು ಸೀಮೆಸುಣ್ಣದ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದರಿಂದ ಆ ಕಡೆಯ ಕೂದಲು ವಯಸ್ಸಿಗಿಂತ ಮೊದಲೇ ಬೆಳ್ಳಗಾದಂತೆ ಕಾಣುತ್ತಿತ್ತು. ಎಡಗಿವಿಯಲ್ಲಿ ಫೋನಿನ ವೈರು. ಬಲಗಿವಿ ಕಂಡಕ್ಟರಿಗೆ, ಎಡಗಿವಿ ಡಚ್ಚಿಗೆ ಎನ್ನುತ್ತಿದ್ದರು.

ಡಚ್ ಅವರಿಗೆ ಹತ್ತಿದ್ದು ಹೀಗೆ. ನಾನು ಸೇರುವುದಕ್ಕೂ ಎಷ್ಟೋ ವರ್ಷ ಹಿಂದೆ ಬೆಲ್ಜಿಯಂನ ಗೆಂಟ್ ಎಂಬ ಊರಿನಿಂದ ಡಚ್ ಮಾತಾಡುವ ಒಬ್ಬ ಇಂಜಿನಿಯರು ಯಂತ್ರ ಕೂರಿಸಲು ಬಂದು ಆರು ತಿಂಗಳು ಬೆಳಗಾವಿಯಲ್ಲಿದ್ದರಂತೆ. ಅವರನ್ನು ಪೇಟೆಗೆ, ಡಾಕ್ಟರ ಬಳಿಗೆ, ಕ್ಷೌರದ ಅಂಗಡಿಗೆ ಕರೆದೊಯ್ಯಲು ಕಾಕಾ ಅವರನ್ನು ನೇಮಿಸಿದರು. ಇವರ ಇಂಗ್ಲಿಷು ಅಷ್ಟಕ್ಕಷ್ಟೆ. ಆ ಮನುಷ್ಯನದೂ ಹೆಚ್ಚೇನಿರಲಿಲ್ಲ. ಹೀಗಾಗಿ ಇಬ್ಬರೂ ಕೈಗೆ ಸಿಕ್ಕ ವಸ್ತು ಎತ್ತಿ ಹಿಡಿದು ಅದರ ಹೆಸರನ್ನು ತಮ್ಮ ತಮ್ಮ ಭಾಷೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಡತೊಡಗಿದರು. ಹೋಗುವಾಗ ಆತ ಒಂದು ಕಿಸೆ ನಿಘಂಟು ಕೊಟ್ಟುಹೋದ. ಆಮೇಲೆ ಫೋನು ಬಂತು, ಫೋನಿನಲ್ಲಿ ರೇಡಿಯೋ ಬಂತು. ಇವರು ಬಿಡಲಿಲ್ಲ.

ಶಬ್ದಗಳನ್ನು ಕನ್ನಡದಲ್ಲೇ ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದರು. ಆ ಭಾಷೆಯಲ್ಲಿ ಗಂಟಲಿನ ಆಳದಿಂದ ಕೆರೆದಂತೆ ಬರುವ ಒಂದು ಸದ್ದಿದೆ. ನಮ್ಮ 'ಖ' ಅದಕ್ಕೆ ಸಾಲದೆಂದು ಅದರ ಕೆಳಗೆ ಒಂದು ಚುಕ್ಕೆ ಇಟ್ಟಿದ್ದರು. ಇಂಗ್ಲಿಷ್ ಕಲಿತ ನಮ್ಮಂಥವರಿಗೆ ಆ ಸದ್ದು ಒಲಿಯುತ್ತಿರಲಿಲ್ಲ. ಅವರಿಗೆ ಮೊದಲ ದಿನವೇ ಬಂತಂತೆ. ತಮ್ಮ ತಂದೆ ಕುರಿ ತಿರುಗಿಸಲು ಮಾಡುತ್ತಿದ್ದ ಸದ್ದು ಅದೇ ಎಂದು ನಗುತ್ತಿದ್ದರು.

ಡಿಸ್ಪ್ಯಾಚ್ ಕೋಣೆಯ ಗೋಡೆಗೆ ಹಡಗು ಕಂಪನಿಯೊಂದರ ಹಳೆಯ ಕ್ಯಾಲೆಂಡರಿನ ಪ್ರಪಂಚದ ನಕ್ಷೆ ಇತ್ತು. ಡಚ್ ಮಾತಾಡುವ ಜಾಗಗಳಿಗೆಲ್ಲ ನೀಲಿ ಪೆನ್ಸಿಲಿನಿಂದ ಬಣ್ಣ ತುಂಬಿದ್ದರು. ಬೆರಳ ತುದಿಯಷ್ಟು ನೆದರ್ಲೆಂಡ್ಸ್. ಅದರ ಕೆಳಗೆ ಬೆಲ್ಜಿಯಂ, ಅದೂ ಮೇಲಿನ ಅರ್ಧ ಮಾತ್ರ. ನಡುವೆ ಬ್ರಸೆಲ್ಸ್‌ಗೆ ಪೂರ್ತಿ ಬಣ್ಣವಿಲ್ಲ, ಗೆರೆ ಗೆರೆ. ಅದು ನಮ್ಮ ಬೆಳಗಾವಿ ಇದ್ದ ಹಾಗೆ, ಎರಡೂ ಭಾಷೆಯ ಬೋರ್ಡು ಎಂದು ಹೇಳುತ್ತಿದ್ದರು. ಆಮೇಲೆ ಬೆರಳು ಸಮುದ್ರ ದಾಟಿ ಬ್ರೆಜಿಲ್‌ನ ನೆತ್ತಿಯ ಮೇಲೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಸುರಿನಾಮ್. ಅದರ ಆಚೆ ಕೆರಿಬಿಯನ್ ಸಮುದ್ರದಲ್ಲಿ ಆರು ಚುಕ್ಕೆ, ಅರೂಬಾ, ಕ್ಯುರಸಾವ್ ಮುಂತಾದ ದ್ವೀಪಗಳು. ಅಲ್ಲಿಯವರು ಮನೆಯಲ್ಲಿ ಬೇರೆ ಮಾತಾಡಿ ಕಚೇರಿಯಲ್ಲಿ ಡಚ್ ಬರೆಯುತ್ತಾರೆಂದು ವಿವರಿಸುತ್ತಿದ್ದರು. ಇಂಡೋನೇಷ್ಯಾವನ್ನು ಅಷ್ಟು ಕಾಲ ಆಳಿದರೂ ಅಲ್ಲಿ ಭಾಷೆ ನಿಲ್ಲಲಿಲ್ಲ, ಕೆಲವು ಶಬ್ದ ಮಾತ್ರ ಉಳಿದವು ಎಂದು ಅದಕ್ಕೆ ಬಣ್ಣ ಹಚ್ಚಿರಲಿಲ್ಲ. ದಕ್ಷಿಣ ಆಫ್ರಿಕಾಕ್ಕೆ ತೆಳುವಾಗಿ ಉಜ್ಜಿದ್ದರು. ಅದೇಕೆ ಹಾಗೆ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನೆನಪಿದೆ.

"ಅಲ್ಲಿರೂದು ಡಚ್ ಅಲ್ರಿ, ಡಚ್ಚಿನ ಮಗಳು. ಗಂಡನ ಮನಿಗೆ ಹೋಗಿ ಮಾತು ಬದಲ ಆಗೇತಿ. ಆದ್ರ ಧ್ವನಿ ಕೇಳಿದ್ರ ತಾಯಿ ಯಾರಂತ ಗೊತ್ತಾಗ್ತೈತಿ."

ಸುರಿನಾಮ್ ಅಂದರೆ ಅವರಿಗೆ ವಿಶೇಷ ಮಮತೆ. ನಮ್ಮ ದೇಶದಿಂದ ಕಬ್ಬಿನ ಹೊಲಕ್ಕೆ ಕೂಲಿಗೆ ಹೋದವರ ಮರಿಮಕ್ಕಳು ಅಲ್ಲಿ ಶಾಲೆಯಲ್ಲಿ ಡಚ್ ಕಲಿಯುತ್ತಾರೆ, ಮನೆಯಲ್ಲಿ ಹಿಂದಿಯಂಥ ತಮ್ಮದೊಂದು ಮಾತಾಡುತ್ತಾರೆ. ಒಂದು ದಿನ ಊಟದ ಹೊತ್ತಿಗೆ ರೊಟ್ಟಿ ಅರ್ಧಕ್ಕೆ ಬಿಟ್ಟು ನನ್ನ ಮೇಜಿನ ಬಳಿ ಬಂದು, ವೈರಿನ ಒಂದು ತುದಿಯನ್ನು ನನ್ನ ಕಿವಿಗೆ ಇಡಲು ಹೋದರು. ಅಲ್ಲಿಯ ರೇಡಿಯೋದಲ್ಲಿ ಒಬ್ಬ ಹೆಂಗಸು ಡಚ್ಚಿನಲ್ಲಿ ಸುದ್ದಿ ಓದಿ, ಉಸಿರು ತೆಗೆದುಕೊಳ್ಳದೆ ಹಿಂದಿಯಂಥ ಆ ಮಾತಿಗೆ ಹೊರಳುತ್ತಾಳೆ, ಒಮ್ಮೆ ಕೇಳಿ ಎಂದರು. ಚಟ್ನಿ ಹತ್ತಿದ ಬೆರಳುಗಳನ್ನು ನೋಡಿ ನಾನು ತಲೆ ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ಕೇಳುತ್ತೇನೆ ಎಂದೆ. ಕೇಳಲಿಲ್ಲ.

ನಾನು ಆಗ ರಫ್ತು ವಿಭಾಗದ ಸಹಾಯಕ ಮ್ಯಾನೇಜರು. ಕಾನ್ವೆಂಟಿನಲ್ಲಿ ಓದಿದವನು, ಇಂಗ್ಲಿಷಿನ ಬಗ್ಗೆ ಬಹಳ ಬಿಂಕವಿತ್ತು. ಚಹಾದ ಹೊತ್ತಿಗೆ ಹೊಸಬರು ಯಾರಾದರೂ ಬಂದಿದ್ದರೆ ಕಾಕಾ ಅವರನ್ನು ಕರೆದು ಸ್ವಲ್ಪ ಡಚ್ ಮಾತಾಡಿ ತೋರಿಸಿ ಎನ್ನುತ್ತಿದ್ದೆ. ಅವರು ತಯಾರಾಗಿ ನಿಂತು ಒಂದೆರಡು ವಾಕ್ಯ ಹೇಳುತ್ತಿದ್ದರು. ಆ ಗಂಟಲ ಸದ್ದು ಬಂದ ಕೂಡಲೇ ನಾವೆಲ್ಲ ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಅವರೂ ನಗುತ್ತಾರಲ್ಲ ಎಂಬುದು ಆಗ ನನಗೆ ಸಾಕಾಗಿತ್ತು.

ಬೆಲ್ಜಿಯಂನ ಮೇಲಿನ ಅರ್ಧದಲ್ಲಿ ನಮಗೆ ಒಬ್ಬ ಹಳೆಯ ಗ್ರಾಹಕರಿದ್ದರು. ಅಲ್ಲಿಗೆ ಹೋಗುವ ಪೆಟ್ಟಿಗೆಗಳ ಮೇಲೆ ಕಾಕಾ ಸುಣ್ಣದ ಕಡ್ಡಿಯಿಂದ ಡಚ್ಚಿನಲ್ಲಿ ಎರಡು ಸಾಲು ಬರೆಯುತ್ತಿದ್ದರು. ಜೋಪಾನ, ಇಬ್ಬರು ಸೇರಿ ಎತ್ತಿ, ಎಡಬದಿ ಭಾರವಿದೆ, ಹೀಗೆ. ಇಂಗ್ಲಿಷಿನಲ್ಲಿ ಅಚ್ಚೊತ್ತಿದೆಯಲ್ಲ, ಮತ್ತೆ ಈ ಗೀಚುವಿಕೆ ಏಕೆ ಎಂದು ನಾನು ಗದರಿಸಿದ್ದೆ.

"ಇಂಗ್ಲಿಷ್ ಓದಾವ್ರು ಬ್ಯಾರೆ, ಎತ್ತಾವ್ರು ಬ್ಯಾರೆ ಇರ್ತಾರ್ರಿ ಸಾಹೇಬ್ರ," ಅಂದರು. "ಅವರ ಬೆನ್ನಿಗೆ ಹೇಳೂ ಮಾತು ಅವರ ಭಾಷಾದಾಗ ಇದ್ರ ಚಲೋ."

ಇನ್ನು ನಾನು ಮಾಡಿದ್ದು.

ಬೆಲ್ಜಿಯಂನಿಂದಲೇ ಇನ್ನೊಂದು ಕಂಪನಿಯ ಇಬ್ಬರು ನಮ್ಮ ಕಾರ್ಖಾನೆ ನೋಡಲು ಬರುವುದಿತ್ತು. ದೊಡ್ಡ ಆರ್ಡರಿನ ಮಾತು. ಮಾಲಕರ ಕಣ್ಣಿಗೆ ಬೀಳಬೇಕೆಂದು ನಾನು ಒಂದು ಯೋಜನೆ ಹಾಕಿದೆ. ಹೆಬ್ಬಾಗಿಲಿಗೆ ಡಚ್ ಭಾಷೆಯಲ್ಲಿ ಸ್ವಾಗತದ ಬ್ಯಾನರು, ಸಭೆಯ ಆರಂಭಕ್ಕೆ ಡಚ್ಚಿನಲ್ಲೇ ನಾಲ್ಕು ಸಾಲು. ಕಾಕಾ ಅವರನ್ನು ಕರೆದು ಬರೆದುಕೊಡಿ ಎಂದೆ. ಅವರ ಮುಖ ಅರಳಿತು. ಯಾವ ಊರಿನವರು ಎಂದು ಕೇಳಿದರು. ಹೇಳಿದೆ. ಅವರು ತಮ್ಮ ಕೋಣೆಗೆ ಹೋಗಿ ನಕ್ಷೆ ನೋಡಿ, ಫೋನಿನಲ್ಲೂ ನೋಡಿ ಮರಳಿ ಬಂದರು.

"ಇದು ಕೆಳಗಿನ ಅರ್ಧ ರೀ. ಇಲ್ಲಿ ಫ್ರೆಂಚ್ ನಡೀತೈತಿ. ಡಚ್ ಬ್ಯಾಡ್ರಿ."

ಬೆಲ್ಜಿಯಂ ಎಂದರೆ ಬೆಲ್ಜಿಯಂ, ಎಲ್ಲರಿಗೂ ತಿಳಿಯುತ್ತದೆ ಎಂದೆ.

"ತಿಳೀತಿರಬಹುದು. ಖಾನಾಪುರದಾಗ ಒಂದ ಅಂಗಡಿಯವ ಮರಾಠಿ, ಬಾಜು ಅಂಗಡಿಯವ ಕನ್ನಡ. ಇಬ್ರಿಗೂ ಎರಡೂ ಬರ್ತಾವ. ಆದ್ರ ಮೊದಲ ಮಾತು ಯಾವುದರಾಗ ಆಡ್ತೀರಿ ಅಂತ ನೋಡ್ತಾರ್ರಿ. ಅಲ್ಲೂ ಹಂಗ ಐತಿ. ಇಂಗ್ಲಿಷ್‌ನಾಗ ಹಾಕ್ರಿ, ಯಾರಿಗೂ ನೋವಿಲ್ಲ."

ನನ್ನ ಯೋಜನೆಯನ್ನು ಡಿಸ್ಪ್ಯಾಚ್ ಗುಮಾಸ್ತರೊಬ್ಬರು ತಿದ್ದುತ್ತಿದ್ದಾರೆ ಎಂಬುದಷ್ಟೇ ನನ್ನ ತಲೆಗೆ ಹೋಯಿತು. ನಿಮಗೆ ಬರೆಯಲು ಬರದಿದ್ದರೆ ಹಾಗೆಂದು ನೇರ ಹೇಳಿಬಿಡಿ, ನೆಪ ಬೇಡ ಎಂದೆ. ಅವರು ತಮ್ಮ ಕೋಣೆಗೆ ಹೋದರು. ಮಾರನೆಯ ದಿನ ದುಂಡಗಿನ ಅಕ್ಷರಗಳಲ್ಲಿ ಬರೆದ ಹಾಳೆ ನನ್ನ ಮೇಜಿನ ಮೇಲಿತ್ತು. ಅದಕ್ಕೊಂದು ಚೀಟಿ ಪಿನ್ನು ಮಾಡಿದ್ದರು. ಈ ಊರಿನ ಭಾಷೆ ಫ್ರೆಂಚ್, ದಯವಿಟ್ಟು ಇದನ್ನು ಬಳಸಬಾರದು ಎಂದು ಕನ್ನಡದಲ್ಲಿ ಬರೆದಿತ್ತು. ನಾನು ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿ ಹಾಳೆಯನ್ನು ಬ್ಯಾನರಿನವನಿಗೆ ಕಳಿಸಿದೆ.

ಬಂದ ಇಬ್ಬರಲ್ಲಿ ಹಿರಿಯರು ಹೆಬ್ಬಾಗಿಲಲ್ಲೇ ನಿಂತು ಬ್ಯಾನರನ್ನು ಓದಿದರು. ತಾವು ದಕ್ಷಿಣದವರು, ಬಹುಶಃ ನೀವು ಬೇರೆ ಯಾರನ್ನೋ ನಿರೀಕ್ಷಿಸುತ್ತಿದ್ದಿರಿ ಎಂದು ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದರು. ಸಭೆಯಲ್ಲಿ ನನ್ನ ನಾಲ್ಕು ಸಾಲು ಪರದೆಯ ಮೇಲೆ ಬಂದಾಗ ಅವರು ಫೋನು ತೆಗೆದು ನೋಡುತ್ತ ಕುಳಿತರು. ಮಾಲಕರ ಮುಖ ಕೆಂಪಾಯಿತು. ಇದನ್ನು ಬರೆದವರು ಯಾರು ಎಂದು ಕೇಳಿದರು.

ಒಂದು ಕ್ಷಣ ಸಾಕಿತ್ತು. ಬರೆಸಿದ್ದು ನಾನು ಎಂದರೆ ಮುಗಿಯುತ್ತಿತ್ತು. ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ಆದರೆ ನನ್ನ ಬಾಯಿಂದ ಬಂದದ್ದು, ನಮ್ಮ ಡಿಸ್ಪ್ಯಾಚ್ ಗುಮಾಸ್ತರು, ಆ ಊರಲ್ಲಿ ಡಚ್ ಮಾತಾಡುತ್ತಾರೆಂದು ಅವರೇ ಹೇಳಿದರು, ನಾನು ನಂಬಿದೆ ಎಂಬ ಮಾತು. ಇಂಗ್ಲಿಷಿನಲ್ಲಿ, ಒಳ್ಳೆಯ ಉಚ್ಚಾರದಲ್ಲಿ ಹೇಳಿದೆ.

ಕಾಕಾ ಅವರನ್ನು ಕರೆಸಿದರು. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದರು, ಕಿವಿಯ ಮೇಲೆ ಸುಣ್ಣದ ಕಡ್ಡಿ ಹಾಗೇ ಇತ್ತು. ಇಂಥ ಸುಳ್ಳು ಮಾಹಿತಿ ಯಾಕೆ ಕೊಟ್ಟಿ ಎಂದು ಮಾಲಕರು ಕನ್ನಡದಲ್ಲಿ ಕೇಳಿದರು. ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ನಾನು ಮುಂದಿದ್ದ ಕಾಗದಗಳನ್ನು ಜೋಡಿಸುತ್ತಿದ್ದೆ.

"ತಪ್ಪಾತ್ರಿ," ಅಂದರು.

ಯಾಕೆ ಹಾಗೆಂದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗಿನವರ ಮುಂದೆ ಸಾಹೇಬನ ಮಾತು ಸುಳ್ಳು ಎನ್ನಲು ಅವರಿಗೆ ಬಾಯಿ ಬರಲಿಲ್ಲವೋ, ಅಥವಾ ನಾನೇ ಹೇಳುತ್ತೇನೆಂದು ಕಾದರೋ.

ಆಗ ಬಂದವರಲ್ಲಿ ಕಿರಿಯರು, ಅವರಿಗೆ ಎರಡೂ ಭಾಷೆ ಬರುತ್ತಿತ್ತೆಂದು ಕಾಣುತ್ತದೆ, ಕಾಕಾ ಅವರ ಕಡೆ ತಿರುಗಿ ಡಚ್ಚಿನಲ್ಲಿ ಏನೋ ಕೇಳಿದರು. ಮೃದುವಾಗಿ, ಎರಡು ಮೂರು ವಾಕ್ಯ. ನನಗೆ ಅರ್ಥವಾಗಲಿಲ್ಲ. ಕಾಕಾ ಅವರಿಗೆ ಪೂರ್ತಿ ಅರ್ಥವಾಯಿತು. ಅವರ ಬೆನ್ನು ನೆಟ್ಟಗಾಯಿತು, ತುಟಿಗಳು ತೆರೆದವು. ಆ ಗೆಂಟ್‌ನ ಇಂಜಿನಿಯರು ಹೋದ ಮೇಲೆ ಎದುರಿಗೆ ಕುಳಿತ ಜೀವಂತ ಮನುಷ್ಯನೊಬ್ಬ ಅವರಿಗೆ ಆ ಭಾಷೆಯಲ್ಲಿ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಮಾಲಕರು ಸಾಕು, ಇನ್ನೂ ಮಾನ ಕಳೀಬ್ಯಾಡ, ಹೋಗು ಎಂದರು. ಕಾಕಾ ಬಾಯಿ ಮುಚ್ಚಿಕೊಂಡರು. 'ಸಾರಿ ಸರ್' ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಗೆ ಹೋದರು.

ಆರ್ಡರು ಬಂತು. ಬ್ಯಾನರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಮ್ಮ ಎರಕ ಅವರಿಗೆ ಹಿಡಿಸಿತ್ತು. ನನಗೆ ಬಡ್ತಿಯಾಯಿತು. ಕಾಕಾ ಅವರನ್ನು ಡಿಸ್ಪ್ಯಾಚಿನಿಂದ ತೆಗೆದು ಹಿಂದಿನ ಗೇಟಿನ ತೂಕದ ಕಟ್ಟೆಗೆ ಹಾಕಿದರು. ಗುಜರಿ ಕಬ್ಬಿಣದ ಲಾರಿಗಳನ್ನು ತೂಗುವ ಕೆಲಸ. ಅವರಿದ್ದ ಕೋಣೆಗೆ ಸುಣ್ಣ ಹೊಡೆಸುವಾಗ ನಕ್ಷೆಯನ್ನು ಯಾರೋ ಹರಿದುಹಾಕಿದರು.

ನಾಲ್ಕು ವರ್ಷ ಅವರು ಅಲ್ಲಿದ್ದರು. ನಾನು ಹಿಂದಿನ ಗೇಟಿನಿಂದ ಹೋಗುವುದನ್ನೇ ಬಿಟ್ಟೆ. ಎಲ್ಲಾದರೂ ಎದುರಾದರೆ ಅವರು ಮೊದಲಿನಂತೆಯೇ ನಮಸ್ಕಾರ್ರೀ ಎನ್ನುತ್ತಿದ್ದರು. ಅದರಲ್ಲಿ ಕೊಂಕು ಹುಡುಕಿದೆ. ಸಿಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎರಡನೆಯ ವರ್ಷ, ಹಳೆಯ ಗ್ರಾಹಕರು ಹಿಂದಿರುಗಿಸಿದ ಒಂದು ಖಾಲಿ ಪೆಟ್ಟಿಗೆಯಲ್ಲಿ ಕೈಬರಹದ ಒಂದು ಪತ್ರ ಸಿಕ್ಕಿತು. ಡಚ್ಚಿನಲ್ಲಿತ್ತು. ಫೋನಿಗೆ ತೋರಿಸಿದರೆ ಆ ಬರಹ ಅದಕ್ಕೆ ಹತ್ತಲಿಲ್ಲ. ದೂರೇನಾದರೂ ಇದ್ದೀತೆಂಬ ಭಯದಿಂದ, ಬೇರೆ ದಾರಿಯಿಲ್ಲದೆ, ನಾನು ತೂಕದ ಕಟ್ಟೆಗೆ ಹೋದೆ. ಕಾಕಾ ತಮ್ಮ ಕುರ್ಚಿ ಬಿಟ್ಟುಕೊಟ್ಟು ಕುಂದರ್ರಿ ಎಂದರು. ಕನ್ನಡಕ ಒರೆಸಿಕೊಂಡು ಪತ್ರವನ್ನು ಎರಡು ಸಲ ಓದಿದರು. ಓದುವಾಗ ಅವರ ಹೆಬ್ಬೆರಳು ಕಾಗದದ ಅಂಚನ್ನು ಸವರುತ್ತಿತ್ತು.

"ಪ್ಯಾಕಿಂಗ್ ಬಗ್ಗೆ ಕೇಳ್ಯಾರ್ರಿ. ದೂರೇನಿಲ್ಲ."

ಇಷ್ಟುದ್ದದ ಪತ್ರದಲ್ಲಿ ಅಷ್ಟೇನಾ ಎಂದೆ.

"ಅಷ್ಟ ರೀ," ಎಂದು ಮಡಿಸಿ ಕೊಟ್ಟರು.

ಮರುವರ್ಷ ನಾನೇ ಬೆಲ್ಜಿಯಂಗೆ ಹೋದೆ. ರೈಲಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ಒಂದು ನಿಲ್ದಾಣದವರೆಗೆ ಬೋರ್ಡುಗಳೆಲ್ಲ ಡಚ್ಚಿನಲ್ಲಿದ್ದವು, ಮುಂದಿನ ನಿಲ್ದಾಣಕ್ಕೆ ಎಲ್ಲವೂ ಫ್ರೆಂಚ್. ಹೊಲ ಅದೇ, ಹಸು ಅದೇ, ಬೋರ್ಡು ಬೇರೆ. ಬೆಳಗಾವಿ ದಾಟಿ ಎಲ್ಲಿಗೂ ಹೋಗದ ಮನುಷ್ಯ ನೀಲಿ ಪೆನ್ಸಿಲು ನಿಲ್ಲಿಸಿದ್ದು ಸರಿಯಾಗಿ ಅಲ್ಲೇ. ನಾನು ಕಿಟಕಿಯಿಂದ ಮುಖ ತಿರುಗಿಸಿ ಕುಳಿತೆ.

ಹಳೆಯ ಗ್ರಾಹಕರ ಗೋದಾಮಿನಲ್ಲಿ ದಪ್ಪ ಮೀಸೆಯ ಒಬ್ಬ ಉಗ್ರಾಣಿಕ ನನ್ನನ್ನು ಪರಿಚಯ ಮಾಡಿಕೊಂಡ. ಪತ್ರ ಬರೆದವನು ಅವನೇ. ಒರಟು ಇಂಗ್ಲಿಷಿನಲ್ಲಿ ಕೇಳಿದ, ಪೆಟ್ಟಿಗೆಗಳ ಮೇಲೆ ಬರೆಯುತ್ತಿದ್ದ ಮನುಷ್ಯನಿಗೆ ಏನಾಯಿತು, ಆತ ಬದುಕಿದ್ದಾನೆಯೇ ಎಂದು. ಎಷ್ಟೋ ವರ್ಷ ಆ ಬರಹ ಓದಿ ತಾವು ಪೆಟ್ಟಿಗೆ ಎತ್ತಿದ್ದೇವೆ, ಅದರಲ್ಲಿ ಒಂದು ಶಬ್ದದ ಕಾಗುಣಿತ ಪ್ರತಿಸಲ ತಪ್ಪಿರುತ್ತಿತ್ತು, ತಮಗೆ ಅದೇ ಪ್ರೀತಿಯಾಗಿ ತಿದ್ದಿ ಹೇಳಲಿಲ್ಲ ಎಂದ. ಬರಹ ನಿಂತುಹೋದ ಮೇಲೆ ಎಲ್ಲರೂ ಸೇರಿ, ನೀನು ಕಾಯಿಲೆ ಬಿದ್ದಿದ್ದೀಯಾ, ಗುಣವಾದರೆ ಮತ್ತೆ ಬರೆ ಎಂದು ಪತ್ರ ಹಾಕಿದರಂತೆ. ಉತ್ತರ ಬರಲಿಲ್ಲ ಎಂದ.

ಅವರು ನಿವೃತ್ತರಾದರು ಎಂದು ನಾನು ಹೇಳಿದೆ. ಆ ಹೊತ್ತಿಗೆ ಕಾಕಾ ಹಿಂದಿನ ಗೇಟಿನಲ್ಲಿ ಲಾರಿ ತೂಗುತ್ತಿದ್ದರು. ನನ್ನ ಕೈಯಿಂದ ಬಂದ ಪತ್ರಕ್ಕೆ ನನ್ನನ್ನು ಬಿಟ್ಟು ಉತ್ತರ ಕಳಿಸಲು ಅವರಿಗೆ ದಾರಿ ಇರಲಿಲ್ಲ. ನನ್ನನ್ನು ಅವರು ಕೇಳಲಿಲ್ಲ. ಉಗ್ರಾಣಿಕ ತನ್ನ ನಮಸ್ಕಾರ ಮುಟ್ಟಿಸಲು ಹೇಳಿದ್ದ. ಊರಿಗೆ ಬಂದು ನಾನು ಅದನ್ನೂ ಮುಟ್ಟಿಸಲಿಲ್ಲ. ಮುಟ್ಟಿಸಬೇಕಾದರೆ ಉಳಿದದ್ದನ್ನೂ ಮಾತಾಡಬೇಕಾಗುತ್ತಿತ್ತು. ಮುಂದಿನ ವರ್ಷ ಅವರು ನಿಜವಾಗಿಯೂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಪುಣೆಯಲ್ಲಿ ಕೆಲಸ ಹಚ್ಚಿಕೊಂಡಿದ್ದೆ. ಅದಾಗಿ ಎರಡು ವರ್ಷಕ್ಕೆ ಈ ಸುದ್ದಿ.

ಒಂದು ಬೂಟು ಹಿಡಿದು ಕುಳಿತಿದ್ದ ಆ ಸಂಜೆಯ ಬಳಿಕ ನಾಲ್ಕನೆಯ ದಿನ ಬೀಡಿಗೆ ಹೋದೆ. ನಾಲ್ಕು ದಿನ ಬೇಕಾಯಿತು. ಮನೆಯ ಮುಂದಿನ ಕಟ್ಟೆಯ ಮೇಲೆ ಊರಿನ ಏಳೆಂಟು ಹಿರಿಯರು ಕುಳಿತಿದ್ದರು. ಕಾರ್ಖಾನೆಯ ಸಾಹೇಬರು ಬಂದಿದ್ದಾರೆಂದು ನನಗೆ ಒಳಗೆ ಕುರ್ಚಿ ಹಾಕಿದರು. ಕಾಕಾ ಅವರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದರು, ಅವರಿಗೆ ಕಿವಿ ಮಂದ. ಮಗಳು ಪಕ್ಕದ ಊರಿನಲ್ಲಿ ಶಾಲೆಯ ಶಿಕ್ಷಕಿ. ಅಪ್ಪ ನಿಮ್ಮ ಬಗ್ಗೆ ಯಾವತ್ತೂ ಒಂದು ಕೆಟ್ಟ ಮಾತು ಆಡಿದವರಲ್ಲ ಎಂದು ಆಕೆ ಹೇಳಿದಳು. ಆಮೇಲೆ ತಾನಾಗಿಯೇ, ನಮ್ಮಿಂದ ಕಂಪನಿಯ ಹೆಸರು ಕೆಟ್ಟಿತ್ತು, ಆದರೂ ನೀವು ಬಂದಿರಿ ಎಂದಳು.

ನನಗೆ ತಿಳಿಯಲಿಲ್ಲ. ಏನದು ಎಂದು ಕೇಳಿದೆ.

ಆ ಬ್ಯಾನರಿನ ಸಂಗತಿ ಬೀಡಿಯವರೆಗೆ ಬಂದಿತ್ತು. ಅದೇ ಕಾರ್ಖಾನೆಯಲ್ಲಿದ್ದ ಊರಿನವರೊಬ್ಬರು ಬಂದು ಹೇಳಿದ್ದರು. ಬಾರದ ಭಾಷೆಯನ್ನು ಬರುತ್ತದೆಂದು ಹೇಳಿಕೊಂಡು, ಅಪ್ಪ ಪರದೇಶದವರ ಮುಂದೆ ಮಾಲಕರ ಮಾನ ಕಳೆದರೆಂದು ಊರೆಲ್ಲ ಆಡಿಕೊಂಡಿತು. ಬಸ್‌ ಸ್ಟ್ಯಾಂಡಿನಲ್ಲಿ ಅವರನ್ನು ಡಚ್ ಪಂಡಿತರು ಎಂದು ಕೂಗುತ್ತಿದ್ದರಂತೆ. ಆಕೆ ತಲೆ ತಗ್ಗಿಸಿ ಉಳಿದದ್ದನ್ನು ಹೇಳಿದಳು. ಮನೆಯವರೂ ನಂಬಿದ್ದರು. ಅಪ್ಪ ಮತ್ತೆ ಆ ಪುಸ್ತಕ ತೆಗೆದು ಕುಳಿತಾಗ, ಬೀಗರ ಮುಂದೆ ನಗೆಗೀಡಾಗುತ್ತೇವೆ, ಇನ್ನು ಸಾಕು ಮಾಡು ಎಂದು ಆಕೆಯೇ ಹೇಳಿದ್ದಳು. ಆ ದಿನದಿಂದ ಅವರು ಮನೆಯಲ್ಲಿ ಅದನ್ನು ತೆಗೆಯಲಿಲ್ಲ.

ನನ್ನ ಸುಳ್ಳು ಕಾರ್ಖಾನೆಯ ಆ ಕೋಣೆಯಲ್ಲೇ ಮುಗಿಯಿತೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಎರಡು ಬಸ್ಸು ಹಿಡಿದು ಅವರ ಮನೆಗೆ ಬಂದು ಕುಳಿತಿತ್ತು. ನಾನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತೆ. ಅವರು ಬೇಡವೆಂದದ್ದು, ಚೀಟಿ ಹಚ್ಚಿದ್ದು, ನಾನು ಕಿತ್ತು ಎಸೆದದ್ದು, ಎಲ್ಲರೆದುರು ಅವರ ಮೇಲೆ ಹಾಕಿದ್ದು, ಒಂದನ್ನೂ ಬಿಡದೆ ಹೇಳಿದೆ. ಗೋದಾಮಿನವರ ಪತ್ರದ ಸಂಗತಿಯನ್ನೂ ಹೇಳಿದೆ. ಆಕೆ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ತಲೆ ಎತ್ತಿ ಕೇಳಿದಳು.

"ಹಂಗಾರ ನಮ್ಮಪ್ಪಗ ಆ ಭಾಷಾ ಖರೇನ ಬರ್ತಿತ್ತೇನ್ರಿ?"

"ಬರ್ತಿತ್ತವ್ವಾ."

"ಚಲೋ ಬರ್ತಿತ್ತೇನ್ರಿ?"

"ಚಲೋ ಬರ್ತಿತ್ತು. ತಪ್ಪು ನಂದು."

ಆಕೆ ತಾಯಿಯ ಕಡೆ ತಿರುಗಿ ಅದನ್ನು ಹೇಳಿದಳು. ಅವರಿಗೆ ಕೇಳಿಸಲಿಲ್ಲ, ಏನು ಎಂಬಂತೆ ಕೈ ಕಿವಿಗೆ ಹಿಡಿದರು. ಆಕೆ ಎದ್ದು ಹೋಗಿ ತಾಯಿಯ ಪಕ್ಕ ಕುಳಿತು, ಕಟ್ಟೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು.

"ಅಪ್ಪಗ ಡಚ್ ಬರ್ತಿತ್ತಂತವ್ವಾ. ಚಲೋ ಬರ್ತಿತ್ತಂತ."

ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ನಾನು ಎದ್ದು ಹೊಸ್ತಿಲವರೆಗೆ ಹೋಗಿ, ಹೌದು ಎಂದೆ.